ಯಂತ್ರ ನಮ್ಮನ್ನು ಮೀರಿಸಿದ ಮೇಲೆ ಏನಾಗುತ್ತೆ? ಚದುರಂಗದ ಮಣೆಯನ್ನು ಕೇಳಿ ನೋಡಿ

2024ರ ಡಿಸೆಂಬರ್ 12. ಸಿಂಗಪುರದಲ್ಲಿ ವಿಶ್ವ ಚೆಸ್ ಚಾಂಪಿಯನ್‌ಷಿಪ್‌ನ ಹದಿನಾಲ್ಕನೇ, ಅಂದರೆ ಕೊನೆಯ ಪಂದ್ಯ. ಒಂದು ಕಡೆ ಚೀನಾದ ಡಿಂಗ್ ಲಿರೆನ್, ಇನ್ನೊಂದು ಕಡೆ ಚೆನ್ನೈನ ಹದಿನೆಂಟರ ಹುಡುಗ ಡಿ. ಗುಕೇಶ್. ಆಟ ಬಹುತೇಕ ಡ್ರಾ ಕಡೆಗೆ ಹೊರಟಿತ್ತು. 55ನೇ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಒಂದು ತಪ್ಪು ಚೌಕಕ್ಕೆ ಸರಿಸಿಬಿಟ್ಟರು.

ಲೈವ್ ನೋಡುತ್ತಿದ್ದವರಿಗೆಲ್ಲ, ಚೆಸ್ ಅಷ್ಟಾಗಿ ಗೊತ್ತಿಲ್ಲದವರಿಗೂ ಸಹ, ಡಿಂಗ್ ಕೈಯಿಂದ ಪಂದ್ಯ ಜಾರಿತು ಅಂತ ತಕ್ಷಣ ಗೊತ್ತಾಯ್ತು. ಯಾಕಂದ್ರೆ ಸ್ಕ್ರೀನ್ ಪಕ್ಕದಲ್ಲಿ ಒಂದು ಪಟ್ಟಿ ಇರುತ್ತೆ. ಯಾರ ಕೈ ಮೇಲಾಗಿದೆ ಅಂತ ಕಂಪ್ಯೂಟರ್ ಲೆಕ್ಕ ಹಾಕಿ ತೋರಿಸುವ ಪಟ್ಟಿ ಅದು. ಅದು ಒಂದೇ ಸಲಕ್ಕೆ ಗುಕೇಶ್ ಕಡೆ ವಾಲಿತ್ತು. ಆದರೆ ಮಣೆಯ ಎದುರು ಕೂತಿದ್ದ ಇಬ್ಬರಿಗೆ ಆ ಪಟ್ಟಿ ಕಾಣಿಸುವುದಿಲ್ಲ. ಗುಕೇಶ್ ತಾವೇ ನೋಡಿ, ತಾವೇ ಲೆಕ್ಕ ಹಾಕಿ, ಇದು ನಿಜವಾ ಅಂತ ತಾವೇ ನಂಬಬೇಕಿತ್ತು. ನಂಬಿದರು, ಆನೆಗೆ ಆನೆ ಹೊಡೆದರು, ವಿಶ್ವ ಚಾಂಪಿಯನ್ ಆದರು. ಆಮೇಲೆ ಕಣ್ಣೀರು ಒರೆಸಿಕೊಳ್ಳುತ್ತಾ ಕಾಯಿಗಳನ್ನೆಲ್ಲ ಮತ್ತೆ ಮಣೆಯ ಮೇಲೆ ಅವುಗಳ ಜಾಗದಲ್ಲಿ ಜೋಡಿಸಿಟ್ಟರು.

ಈಗ ನೀವು ಇದನ್ನು ಓದುತ್ತಿರುವ ಫೋನ್ ಇದೆಯಲ್ಲ, ಅದಕ್ಕೆ ಒಂದು ಉಚಿತ ಚೆಸ್ ಆ್ಯಪ್ ಹಾಕಿಕೊಂಡರೆ ಅದು ಗುಕೇಶ್ ಅವರನ್ನೂ ಸೋಲಿಸಬಲ್ಲದು, ಮ್ಯಾಗ್ನಸ್ ಕಾರ್ಲ್‌ಸನ್ ಅವರನ್ನೂ ಸೋಲಿಸಬಲ್ಲದು. ಮತ್ತೆ ಮತ್ತೆ, ಬೆವರದೆ.

‘ಎಐ ಮನುಷ್ಯನನ್ನು ಮೀರಿಸಿದರೆ ಏನಾಗುತ್ತೆ?’ ಅನ್ನೋ ಪ್ರಶ್ನೆ ಈಗ ಆಫೀಸಿನ ಕ್ಯಾಂಟೀನ್‌ನಿಂದ ಮದುವೆ ಮನೆಯ ಪಂಕ್ತಿಯವರೆಗೆ ಎಲ್ಲ ಕಡೆ ಕೇಳಿಬರುತ್ತಿದೆ. ಉತ್ತರ ಕೊಡುವವರಲ್ಲಿ ಅರ್ಧ ಜನ ಪ್ರಳಯ ಅಂತಾರೆ, ಇನ್ನರ್ಧ ಜನ ಸ್ವರ್ಗ ಅಂತಾರೆ. ಇಬ್ಬರದ್ದೂ ಊಹೆಯೇ. ಆದರೆ ಊಹೆ ಬೇಡದ ಒಂದು ಜಾಗ ಇದೆ. ಚದುರಂಗದಲ್ಲಿ ಯಂತ್ರ ನಮ್ಮನ್ನು ಮೀರಿಸಿ ಕಾಲು ಶತಮಾನವೇ ಆಗಿಹೋಗಿದೆ. ಅಲ್ಲಿ ನಿಜವಾಗಿ ಏನಾಯ್ತು ಅಂತ ನೋಡಿದರೆ, ಉಳಿದ ಕಡೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಅನ್ನುವುದು ಸ್ವಲ್ಪವಾದರೂ ಸ್ಪಷ್ಟವಾಗುತ್ತೆ.

ಸೋತ ಮೇಲೂ ಉಳಿದ ಆಟ

1996ರ ಫೆಬ್ರುವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಐಬಿಎಂ ಕಂಪನಿಯ ಡೀಪ್ ಬ್ಲೂ ಕಂಪ್ಯೂಟರ್ ಜತೆ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಆಡಿದರು. ಮೊದಲ ಪಂದ್ಯ ಸೋತರೂ ಸುಧಾರಿಸಿಕೊಂಡು 4–2ರಿಂದ ಗೆದ್ದರು. ಮರುವರ್ಷ ನ್ಯೂಯಾರ್ಕ್‌ನಲ್ಲಿ ಮತ್ತೆ ಸ್ಪರ್ಧೆ. ಈ ಸಲದ ಡೀಪ್ ಬ್ಲೂ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು. 1997ರ ಮೇ 11ರಂದು ಆರನೇ ಪಂದ್ಯದಲ್ಲಿ ಬರೀ 19 ನಡೆಗಳಿಗೆ ಕ್ಯಾಸ್ಪರೋವ್ ಸೋಲೊಪ್ಪಿದರು. ಅಂತಿಮ ಲೆಕ್ಕ 3.5–2.5. ಮತ್ತೊಂದು ಸ್ಪರ್ಧೆ ಆಗಲಿ ಅಂತ ಅವರು ಕೇಳಿದರೂ ಐಬಿಎಂ ಒಪ್ಪಲಿಲ್ಲ.

ಅವತ್ತು ಬಹಳ ಜನ, ಇನ್ನು ಚೆಸ್ ಕತೆ ಮುಗಿಯಿತು ಅಂದುಕೊಂಡರು. ಯಂತ್ರವೇ ಚೆನ್ನಾಗಿ ಆಡುತ್ತೆ ಅಂದಮೇಲೆ ಮನುಷ್ಯ ಆಡುವುದನ್ನು ಯಾರು ನೋಡ್ತಾರೆ? ಮಕ್ಕಳಿಗೆ ಯಾರು ಕಲಿಸ್ತಾರೆ?

ಆಗಿದ್ದು ಉಲ್ಟಾ. 1997ರಲ್ಲಿ ಭಾರತದ ಗ್ರ್ಯಾಂಡ್‌ಮಾಸ್ಟರ್‌ಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಇವತ್ತು ಅವರ ಸಂಖ್ಯೆ 80 ದಾಟಿದೆ. ಡೀಪ್ ಬ್ಲೂ ಗೆದ್ದು ಇಪ್ಪತ್ತು ವರ್ಷಕ್ಕೆ, 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಸಣ್ಣ ಊರಿನ ಮಗುವಿಗೂ ಈಗ ಕೈಯಲ್ಲೇ ಜಗತ್ತಿನ ಅತಿ ಬಲಿಷ್ಠ ಗುರು ಇದ್ದಾನೆ. ಅವನು ಫೀಸು ಕೇಳುವುದಿಲ್ಲ, ಬೈಯುವುದೂ ಇಲ್ಲ.

ಜನ ನೋಡುವುದನ್ನೂ ಬಿಡಲಿಲ್ಲ. ಬೈಕು ಮನುಷ್ಯನಿಗಿಂತ ವೇಗವಾಗಿ ಓಡುತ್ತೆ ಅಂತ ನಾವು ಓಟದ ಸ್ಪರ್ಧೆ ನಿಲ್ಲಿಸಿದ್ದೇವಾ? ಎರಡು ಚೆಸ್ ಯಂತ್ರಗಳು ಪರಸ್ಪರ ಆಡುವ ಪಂದ್ಯಾವಳಿಗಳು ಇವತ್ತಿಗೂ ನಡೆಯುತ್ತವೆ, ಅವುಗಳ ಆಟದ ಮಟ್ಟ ಗುಕೇಶ್–ಡಿಂಗ್ ಆಟಕ್ಕಿಂತ ಎಷ್ಟೋ ಮೇಲಿರುತ್ತೆ. ಆದರೆ ಅದನ್ನು ನೋಡುವವರು ಕೆಲವೇ ಆಸಕ್ತರು. ನಮಗೆ ಬೇಕಿರುವುದು ಕೈ ನಡುಗುವ, ತಪ್ಪು ಮಾಡುವ, ಅಳುವ ಮನುಷ್ಯರ ಆಟ.

ಇಲ್ಲಿಗೆ ನಿಲ್ಲಿಸಿದರೆ ಇದು ಸಮಾಧಾನದ ಕತೆ. ಎಐ ಬಗ್ಗೆ ಧೈರ್ಯ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸ್ತಾರೆ. ಆದರೆ ಇದರಲ್ಲೊಂದು ತೊಡಕಿದೆ.

ನಮ್ಮ ಎಕ್ಸೆಲ್ ಶೀಟ್ ನೋಡೋಕೆ ಯಾರೂ ಟಿಕೆಟ್ ತಗೊಳ್ಳಲ್ಲ

ಚೆಸ್ ಉಳಿದದ್ದು ಯಾಕೆ? ಅಲ್ಲಿ ಮುಖ್ಯವಾಗಿದ್ದು ನಡೆಯಲ್ಲ, ನಡೆಸುವ ಮನುಷ್ಯ. ಈಗ ನಮ್ಮ ನಿಮ್ಮ ಕೆಲಸಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಟೆಸ್ಟ್ ಕೇಸ್ ಬರೆಯುವುದು, ಇನ್‌ವಾಯ್ಸ್ ತಾಳೆ ನೋಡುವುದು, ವಾರದ ರಿಪೋರ್ಟ್ ತಯಾರಿಸುವುದು, ಗ್ರಾಹಕರ ದೂರಿಗೆ ಇಮೇಲ್ ಉತ್ತರ ಕೊಡುವುದು. ಇವನ್ನು ಯಾರು ಮಾಡಿದರು ಅನ್ನುವುದು ಕಂಪನಿಗೆ ಮುಖ್ಯವೇ? ಸರಿಯಾಗಿ, ಬೇಗ, ಅಗ್ಗವಾಗಿ ಆದರೆ ಸಾಕು. ನೀವು ಎಕ್ಸೆಲ್ ಶೀಟ್ ತುಂಬುವುದನ್ನು ಯಾರೂ ಟಿಕೆಟ್ ಕೊಂಡು ನೋಡುವುದಿಲ್ಲ.

ಹಾಗಾಗಿ ಕೆಲಸಗಳಲ್ಲಿ ಎರಡು ಬಗೆ ಅಂತ ಇಟ್ಟುಕೊಳ್ಳಬಹುದು. ಫಲಿತಾಂಶ ಮಾತ್ರ ಮುಖ್ಯವಾದ ಕೆಲಸ ಒಂದು. ಮಾಡುವವರು ಯಾರು ಅನ್ನುವುದೂ ಮುಖ್ಯವಾದ ಕೆಲಸ ಇನ್ನೊಂದು. ಆಸ್ಪತ್ರೆಯಲ್ಲಿ ಅಪ್ಪನ ಕೈ ಹಿಡಿದು ಮಾತಾಡಿಸುವ ನರ್ಸ್, ಹಿಂದಿನ ಬೆಂಚಿನ ಹುಡುಗನ ಮುಖ ನೋಡಿಯೇ ಇವತ್ತು ಮನೆಯಲ್ಲಿ ಏನೋ ಆಗಿದೆ ಅಂತ ತಿಳಿಯುವ ಮೇಷ್ಟ್ರು, ಅಣ್ಣ ತಮ್ಮಂದಿರ ಜಮೀನು ಜಗಳ ಬಗೆಹರಿಸುವ ಊರಿನ ಹಿರಿಯರು ಎರಡನೇ ಬಗೆಯವರು. ಯಂತ್ರ ಇವರಿಗಿಂತ ಒಳ್ಳೆಯ ಸಲಹೆ ಕೊಟ್ಟರೂ ಅದು ಇವರ ಜಾಗದಲ್ಲಿ ಕೂತ ಹಾಗೆ ಆಗುವುದಿಲ್ಲ. ಮೊದಲ ಬಗೆಯ ಕೆಲಸದಲ್ಲಿ ಮಾತ್ರ ಚೆಸ್‌ನ ಸಮಾಧಾನ ನಮಗೆ ಸಿಗುವುದಿಲ್ಲ. ಬೇಜಾರಿನ ಸಂಗತಿ ಏನಂದ್ರೆ, ಸಂಬಳ ಜಾಸ್ತಿ ಇರುವ ಎಷ್ಟೋ ಕೆಲಸಗಳು ಇರುವುದು ಮೊದಲನೆಯದರಲ್ಲೇ.

ಇದಕ್ಕೂ ಒಂದು ಸಿದ್ಧ ಉತ್ತರ ಇದೆ. ಪ್ರತಿ ಟ್ರೈನಿಂಗ್‌ನಲ್ಲೂ ಕೇಳಿರ್ತೀರಿ: ‘ಎಐ ನಿಮ್ಮ ಕೆಲಸ ಕಸಿಯಲ್ಲ, ಎಐ ಬಳಸೋದು ಗೊತ್ತಿರೋರು ಕಸೀತಾರೆ.’ ಈ ಮಾತನ್ನೂ ಚೆಸ್ ಆಗಲೇ ಪರೀಕ್ಷೆ ಮಾಡಿ ನೋಡಿದೆ.

ಜೋಡಿ ಆಟದ ಆಯಸ್ಸು

ಡೀಪ್ ಬ್ಲೂಗೆ ಸೋತ ಮರುವರ್ಷವೇ, 1998ರಲ್ಲಿ, ಕ್ಯಾಸ್ಪರೋವ್ ಸ್ಪೇನ್‌ನ ಲಿಯೋನ್ ನಗರದಲ್ಲಿ ಹೊಸ ಬಗೆಯ ಆಟ ಆಡಿದರು. ಎದುರಾಳಿ ಬಲ್ಗೇರಿಯಾದ ವೆಸೆಲಿನ್ ಟೊಪಲೋವ್. ಇಬ್ಬರ ಪಕ್ಕದಲ್ಲೂ ಒಂದೊಂದು ಕಂಪ್ಯೂಟರ್. ಮನುಷ್ಯನ ಯೋಚನೆ ಮತ್ತು ಯಂತ್ರದ ಲೆಕ್ಕ ಎರಡೂ ಸೇರಿ ಆಡುವ ಆಟ ಅದು. ಅದಕ್ಕೆ ಒಂದು ತಿಂಗಳ ಹಿಂದೆ ಮಾಮೂಲಿ ವೇಗದ ಚೆಸ್‌ನಲ್ಲಿ ಕ್ಯಾಸ್ಪರೋವ್ ಇದೇ ಟೊಪಲೋವ್‌ರನ್ನು 4–0ಯಿಂದ ಸೋಲಿಸಿದ್ದರು. ಕಂಪ್ಯೂಟರ್ ಸೇರಿಕೊಂಡಾಗ ಆದದ್ದು 3–3ರ ಸಮಬಲ. ಬಲಾಢ್ಯನಿಗೂ ಅವನಿಗಿಂತ ಸ್ವಲ್ಪ ಕಡಿಮೆಯವನಿಗೂ ಇದ್ದ ಅಂತರವನ್ನು ಯಂತ್ರ ಅಳಿಸಿಹಾಕಿತ್ತು.

2005ರಲ್ಲಿ ಇಂಟರ್‌ನೆಟ್‌ನಲ್ಲಿ ನಡೆದ ಇಂಥದ್ದೇ ಮುಕ್ತ ಪಂದ್ಯಾವಳಿಯಲ್ಲಿ ಇನ್ನೂ ದೊಡ್ಡ ಅಚ್ಚರಿ ಕಾದಿತ್ತು. ಗೆದ್ದದ್ದು ಗ್ರ್ಯಾಂಡ್‌ಮಾಸ್ಟರ್ ಅಲ್ಲ, ದೊಡ್ಡ ಯಂತ್ರವೂ ಅಲ್ಲ. ಮೂರು ಸಾಮಾನ್ಯ ಕಂಪ್ಯೂಟರ್ ಇಟ್ಟುಕೊಂಡಿದ್ದ ಅಮೆರಿಕದ ಇಬ್ಬರು ಹವ್ಯಾಸಿ ಆಟಗಾರರು. ಯಾವಾಗ ಯಾವ ಯಂತ್ರದ ಮಾತು ಕೇಳಬೇಕು, ಯಾವಾಗ ಕೇಳಬಾರದು ಅನ್ನುವ ಹದ ಅವರಿಗೆ ಗೊತ್ತಿತ್ತು. ‘ಎಐ ಬಳಸೋರು ಗೆಲ್ತಾರೆ’ ಅನ್ನೋ ಮಾತಿಗೆ ಜನ ಇವತ್ತಿಗೂ ಕೊಡುವ ಉದಾಹರಣೆ ಇದು.

ಹೇಳದೆ ಬಿಡುವ ಭಾಗ ಮುಂದಿನದು. ವರ್ಷ ಕಳೆದಂತೆ ಯಂತ್ರಗಳು ಎಷ್ಟು ಬಲವಾದವು ಅಂದ್ರೆ, ಪಕ್ಕದಲ್ಲಿ ಕೂತ ಮನುಷ್ಯ ಸೇರಿಸುವುದಕ್ಕೆ ಹೆಚ್ಚೇನೂ ಉಳಿಯಲಿಲ್ಲ. ಯಂತ್ರ ಹೇಳಿದ ನಡೆಯನ್ನು ಬದಲಾಯಿಸಿದರೆ ಹೆಚ್ಚಿನ ಸಲ ನಷ್ಟವೇ. ಪತ್ರ ವ್ಯವಹಾರದ ಚೆಸ್‌ನಲ್ಲಿ ಈಗಲೂ ಕಂಪ್ಯೂಟರ್ ಬಳಸಲು ಅನುಮತಿ ಇದೆ. ಅದರ ವಿಶ್ವ ಮಟ್ಟದ ಆಟಗಳು ಈಗ ಬಹುಪಾಲು ಡ್ರಾ.

ಅಂದರೆ ಜೋಡಿ ಆಟಕ್ಕೆ ಆಯಸ್ಸು ಇತ್ತು, ಆದರೆ ಅದು ಶಾಶ್ವತವಾಗಿರಲಿಲ್ಲ. ಎಲ್ಲ ಕೆಲಸದಲ್ಲೂ ಹೀಗೇ ಆಗುತ್ತೆ ಅಂತ ಹೇಳಲಾಗದು. ನಿಜ ಜೀವನ 64 ಚೌಕದಷ್ಟು ಸರಳ ಅಲ್ಲ. 2016ರಲ್ಲಿ ಎಐನ ಪಿತಾಮಹರಲ್ಲಿ ಒಬ್ಬರೆನಿಸಿದ ಜೆಫ್ರಿ ಹಿಂಟನ್, ಎಕ್ಸ್‌ರೇ–ಸ್ಕ್ಯಾನ್ ಓದುವ ರೇಡಿಯಾಲಜಿ ವೈದ್ಯರಿಗೆ ತರಬೇತಿ ಕೊಡುವುದನ್ನೇ ನಿಲ್ಲಿಸಿಬಿಡಬೇಕು, ಐದು ವರ್ಷದಲ್ಲಿ ಯಂತ್ರವೇ ಅವರಿಗಿಂತ ಚೆನ್ನಾಗಿ ಮಾಡುತ್ತೆ ಅನ್ನುವ ಅರ್ಥದ ಮಾತು ಹೇಳಿದ್ದರು. ಐದು ಹೋಗಿ ಹತ್ತಿರ ಹತ್ತು ವರ್ಷವಾಗುವಾಗಲೂ ಆ ವೈದ್ಯರಿಗೆ ಬೇಡಿಕೆ ಕಡಿಮೆಯಾಗಿರಲಿಲ್ಲ. ಸ್ಕ್ಯಾನ್ ಓದುವುದು ಅವರ ಕೆಲಸದ ಒಂದು ತುಂಡು ಮಾತ್ರ. ಜವಾಬ್ದಾರಿ ಹೊರುವುದು, ಬೇರೆ ವೈದ್ಯರ ಜತೆ ಚರ್ಚಿಸುವುದು, ರೋಗಿಗೆ ತಿಳಿಸಿ ಹೇಳುವುದು ಎಲ್ಲ ಸೇರಿ ಆ ಕೆಲಸ. ಆದ್ದರಿಂದ ಹೆದರಿ ಕೂರಬೇಕಿಲ್ಲ. ಆದರೆ ‘ಟೂಲ್ ಕಲಿತೆ, ಇನ್ನು ಸೇಫ್’ ಅಂತ ನಿದ್ದೆ ಹೋಗುವುದೂ ಸರಿಯಲ್ಲ.

37ನೇ ನಡೆ, 78ನೇ ನಡೆ

ಚೆಸ್‌ಗಿಂತ ಎಷ್ಟೋ ಪಾಲು ಸಿಕ್ಕಲಾದ ಆಟ ಗೋ. 19 ಅಡ್ಡಗೆರೆ, 19 ಉದ್ದಗೆರೆ, 361 ಸಂಧಿಗಳು. ಯಂತ್ರ ಇದರಲ್ಲಿ ಮನುಷ್ಯನನ್ನು ಗೆಲ್ಲಲು ಇನ್ನೂ ಬಹಳ ಕಾಲ ಬೇಕು ಅಂತ ಪಂಡಿತರು ಅಂದುಕೊಂಡಿದ್ದರು. 2016ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಗೂಗಲ್ ಡೀಪ್‌ಮೈಂಡ್‌ನ ಆಲ್ಫಾಗೋ, ಗೋ ದಿಗ್ಗಜ ಲೀ ಸೆಡೋಲ್ ಅವರನ್ನು 4–1ರಿಂದ ಸೋಲಿಸಿತು.

ಎರಡನೇ ಪಂದ್ಯದ 37ನೇ ನಡೆಯನ್ನು ಆಲ್ಫಾಗೋ ಇಟ್ಟಾಗ ವೀಕ್ಷಕ ವಿವರಣೆಕಾರರು ಇದು ತಪ್ಪಿರಬೇಕು ಅಂದುಕೊಂಡರು. ಒಬ್ಬ ಮನುಷ್ಯ ಇಂಥ ನಡೆ ಇಡುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದು ಅಂತ ಆಲ್ಫಾಗೋದ ಲೆಕ್ಕವೇ ಹೇಳುತ್ತಿತ್ತು. ಕೊನೆಗೆ ಪಂದ್ಯ ಗೆಲ್ಲಿಸಿದ್ದು ಅದೇ ನಡೆ. ನಾಲ್ಕನೇ ಪಂದ್ಯದಲ್ಲಿ ಲೀ ತಮ್ಮ 78ನೇ ನಡೆಯಿಂದ ಯಂತ್ರವನ್ನು ತಬ್ಬಿಬ್ಬು ಮಾಡಿ ಗೆದ್ದರು. ಆಲ್ಫಾಗೋ ವಿರುದ್ಧ ಆ ಸರಣಿಯಲ್ಲಿ ಮನುಷ್ಯನಿಗೆ ದಕ್ಕಿದ್ದು ಆ ಒಂದೇ ಗೆಲುವು.

ಮರುವರ್ಷ ಬಂದ ಆಲ್ಫಾಗೋ ಝೀರೋಗೆ ಮನುಷ್ಯರ ಆಟವನ್ನು ತೋರಿಸಲೇ ಇಲ್ಲ. ನಿಯಮ ಮಾತ್ರ ಕೊಟ್ಟು ತನ್ನ ಜತೆ ತಾನೇ ಆಡಿಕೊಳ್ಳಲು ಬಿಟ್ಟರು. ಮೂರು ದಿನದ ಅಭ್ಯಾಸದ ನಂತರ ಅದು ಲೀಯವರನ್ನು ಸೋಲಿಸಿದ್ದ ಆವೃತ್ತಿಯನ್ನು 100–0ಯಿಂದ ಸೋಲಿಸಿತು. ಸಾವಿರಾರು ವರ್ಷಗಳಿಂದ ಮನುಷ್ಯ ಕೂಡಿಟ್ಟ ಗೋ ಜ್ಞಾನ ಅದಕ್ಕೆ ಬೇಕಾಗಲೇ ಇಲ್ಲ. 2019ರಲ್ಲಿ ಲೀ ಸೆಡೋಲ್ ವೃತ್ತಿಪರ ಆಟಕ್ಕೆ ವಿದಾಯ ಹೇಳಿದರು. ತಾನು ನಂಬರ್ ಒನ್ ಆದರೂ ಸೋಲಿಸಲಾಗದ ಒಂದು ಶಕ್ತಿ ಅಲ್ಲಿದೆ ಅನ್ನುವುದು ಅವರು ಕೊಟ್ಟ ಕಾರಣಗಳಲ್ಲಿ ಒಂದು.

ಜೀವನವಿಡೀ ಒಂದು ವಿದ್ಯೆಗೆ ಕೊಟ್ಟವರಿಗೆ ಆಗುವ ಈ ನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ‘ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನುವುದು ಸುಲಭ. ಅನುವಾದಕರು, ಚಿತ್ರ ಬರೆಯುವವರು, ಕೋಡ್ ಬರೆಯುವವರು ಕೆಲವರು ಈಗ ಅದೇ ನೋವಿನಲ್ಲಿದ್ದಾರೆ. ಸಂಬಳದ ಮಾತು ಹಾಗಿರಲಿ, ‘ನನಗೆ ಬರುತ್ತಿದ್ದ ವಿದ್ಯೆಗೆ ಇನ್ನು ಬೆಲೆ ಏನು?’ ಅನ್ನುವ ಪ್ರಶ್ನೆ ಅದು.

ಈ ಕತೆಗೆ ಇನ್ನೊಂದು ಮಗ್ಗುಲೂ ಇದೆ. 2023ರಲ್ಲಿ ಕೆಲಿನ್ ಪೆಲ್ರಿನ್ ಅನ್ನುವ ಅಮೆರಿಕದ ಹವ್ಯಾಸಿ ಆಟಗಾರ, ಕಟಾಗೋ ಎಂಬ ಅತಿ ಬಲಿಷ್ಠ ಗೋ ಯಂತ್ರವನ್ನು 15ರಲ್ಲಿ 14 ಪಂದ್ಯ ಸೋಲಿಸಿದರು. ಆಟದ ಸಮಯದಲ್ಲಿ ಕಂಪ್ಯೂಟರ್ ಸಹಾಯ ಇರಲಿಲ್ಲ. ಯಂತ್ರದ ಕಾಯಿಗಳ ಸುತ್ತ ದೊಡ್ಡ ಬಳೆಯ ಹಾಗೆ ನಿಧಾನವಾಗಿ ತಮ್ಮ ಕಾಯಿಗಳನ್ನು ಇಡುತ್ತಾ ಹೋದರು, ಮಧ್ಯೆ ಮಧ್ಯೆ ಬೇರೆ ಮೂಲೆಯಲ್ಲಿ ಆಡಿ ಗಮನ ತಪ್ಪಿಸಿದರು. ಮನುಷ್ಯ ಆಟಗಾರನಾಗಿದ್ದರೆ ಈ ಬಲೆಯನ್ನು ಸುಲಭವಾಗಿ ಗುರುತಿಸುತ್ತಿದ್ದ. ಯಂತ್ರಕ್ಕೆ ಕಾಣಲಿಲ್ಲ. ಈ ಕಣ್ಣುಕುರುಡನ್ನು ಮೊದಲು ಪತ್ತೆ ಮಾಡಿದ್ದು ಸಂಶೋಧಕರು ಅದಕ್ಕೆಂದೇ ತಯಾರಿಸಿದ ಇನ್ನೊಂದು ಪ್ರೋಗ್ರಾಂ ಅನ್ನುವುದೂ ನೆನಪಿರಲಿ.

ಮೀರಿಸುವುದು ಅಂದರೆ ಎಲ್ಲದರಲ್ಲೂ ನಮಗಿಂತ ಮೇಲು ಅಂತ ಅರ್ಥ ಅಲ್ಲ. ಯಂತ್ರದ ಬುದ್ಧಿ ನಮ್ಮ ಬುದ್ಧಿಯ ದೊಡ್ಡ ಸೈಜ್ ಅಲ್ಲ, ಬೇರೆಯೇ ಆಕಾರದ್ದು. ನಾವು ಎಂದೂ ನೋಡದ 37ನೇ ನಡೆ ಅದಕ್ಕೆ ಕಾಣುತ್ತೆ, ನಮಗೆ ಕಣ್ಣಿಗೆ ಹೊಡೆಯುವ ಬಲೆ ಅದಕ್ಕೆ ಕಾಣಿಸುವುದಿಲ್ಲ. ಹಾಗಾಗಿಯೇ ಅದರ ಕೆಲಸವನ್ನು ಪರೀಕ್ಷಿಸುವ ಮನುಷ್ಯ ಬೇಕು. ಪರೀಕ್ಷಿಸಬೇಕಾದರೆ ಆ ಮನುಷ್ಯನಿಗೆ ವಿದ್ಯೆ ಉಳಿದಿರಬೇಕು. ಈಗ ಅನುಮಾನ ಇರುವುದೇ ಅದರ ಬಗ್ಗೆ.

ಕೈ ಬಿಟ್ಟರೆ ಮರೆತುಹೋಗುವ ವಿದ್ಯೆ

ಪೋಲೆಂಡ್‌ನ ನಾಲ್ಕು ಕೇಂದ್ರಗಳಲ್ಲಿ ಕೊಲೊನೊಸ್ಕೋಪಿ ಮಾಡುವ ಅನುಭವಿ ವೈದ್ಯರನ್ನು ಗಮನಿಸಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ದೊಡ್ಡ ಕರುಳಿನಲ್ಲಿ ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಡ್ಡೆಗಳನ್ನು ಕ್ಯಾಮೆರಾ ಮೂಲಕ ಹುಡುಕುವುದು ಇವರ ಕೆಲಸ. ಆ ಕೇಂದ್ರಗಳಿಗೆ ಗಡ್ಡೆ ತೋರಿಸಿಕೊಡುವ ಎಐ ಬಂತು. ಎಐ ಇಲ್ಲದೆ ಮಾಡಿದ ತಪಾಸಣೆಗಳನ್ನು ಮಾತ್ರ ತೆಗೆದುಕೊಂಡು ಎಐ ಬರುವ ಮುಂಚಿನ ಮತ್ತು ಬಂದ ನಂತರದ ತಿಂಗಳುಗಳನ್ನು ಹೋಲಿಸಿದರು. ಮುಂಚೆ ಶೇ 28.4ರಷ್ಟು ತಪಾಸಣೆಗಳಲ್ಲಿ ಗಡ್ಡೆ ಪತ್ತೆಯಾಗುತ್ತಿತ್ತು. ಎಐ ಅಭ್ಯಾಸವಾದ ಮೇಲೆ, ಅದು ಪಕ್ಕದಲ್ಲಿ ಇಲ್ಲದಾಗ, ಪತ್ತೆಯಾದದ್ದು ಶೇ 22.4ರಲ್ಲಿ.

ಒಂದು ಅಧ್ಯಯನದಿಂದ ಎಲ್ಲವನ್ನೂ ತೀರ್ಮಾನಿಸಬಾರದು, ಬೇರೆ ಕಾರಣಗಳೂ ಇರಬಹುದು. ಆದರೆ ನಮ್ಮ ಅನುಭವವೂ ಇದನ್ನೇ ಹೇಳುತ್ತೆ ಅಲ್ವಾ? ಮೊದಲು ಹತ್ತು ಫೋನ್ ನಂಬರ್ ಬಾಯಿಪಾಠ ಇತ್ತು, ಈಗ ಅಮ್ಮನ ನಂಬರ್ ಕೇಳಿದರೂ ಫೋನ್ ತೆಗೆಯಬೇಕು. ಮ್ಯಾಪ್ ಇಲ್ಲದೆ ಗೆಳೆಯನ ಹೊಸ ಮನೆಗೆ ಎರಡನೇ ಸಲ ಹೋಗಲೂ ಆಗುವುದಿಲ್ಲ. ಅವು ಸಣ್ಣ ವಿಷಯ, ಹೋದರೆ ಹೋಗಲಿ. ವೈದ್ಯರ ಕಣ್ಣು, ಎಂಜಿನಿಯರ್ ಅಂದಾಜು, ಸಂಪಾದಕರ ಕಿವಿ ಹೋದರೆ?

ಇಲ್ಲಿ ಗುಕೇಶ್ ಕತೆಯ ಇನ್ನೊಂದು ತುಂಡು ಕೇಳಬೇಕು. ಎಲ್ಲ ಮಕ್ಕಳೂ ಚೆಸ್ ಎಂಜಿನ್ ಜತೆಯಲ್ಲೇ ಬೆಳೆಯುತ್ತಿದ್ದ ಕಾಲದಲ್ಲಿ, ಅವರ ಮೊದಲ ವರ್ಷಗಳ ಕೋಚ್ ವಿಷ್ಣು ಪ್ರಸನ್ನ ಅವರಿಗೆ ಬಹಳ ಕಾಲ ಎಂಜಿನ್ ಮುಟ್ಟಲು ಬಿಡಲಿಲ್ಲ. ಸ್ಥಿತಿ ನೋಡು, ನೀನೇ ಯೋಚಿಸು, ನೀನೇ ತೀರ್ಮಾನಿಸು ಅನ್ನುವ ತರಬೇತಿ. ಸ್ವಂತ ಲೆಕ್ಕ ಗಟ್ಟಿಯಾದ ಮೇಲೆಯೇ ಯಂತ್ರ ಬಂದದ್ದು. ಸಿಂಗಪುರದ ಆ 55ನೇ ನಡೆಯಲ್ಲಿ, ಪಟ್ಟಿ ಕಾಣದ ಜಾಗದಲ್ಲಿ, ಕೈ ಹಿಡಿದದ್ದು ಆ ಅಭ್ಯಾಸವೇ.

ಮಣೆಯ ಹೊರಗೆ

ಇಷ್ಟೆಲ್ಲ ಹೇಳಿದ ಮೇಲೂ ಚೆಸ್‌ಗೂ ಬದುಕಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಚೆಸ್‌ನಲ್ಲಿ ಯಂತ್ರ ಎಷ್ಟೇ ಬುದ್ಧಿವಂತನಾದರೂ ಅದು 64 ಚೌಕದ ಒಳಗೇ ಇರಬೇಕು. ಗೆಲುವು ಅಂದರೆ ಏನು ಅಂತ ನಾವು ಹೇಳಿದ್ದೇವೆ, ನಿಯಮ ನಮ್ಮದು, ಬೇಡ ಅನ್ನಿಸಿದರೆ ಪ್ಲಗ್ ಕಿತ್ತರಾಯಿತು. ಹೊರಗಿನ ಪ್ರಪಂಚದಲ್ಲಿ ಗೆಲುವು ಅಂದರೆ ಏನು ಅಂತ ಬಿಡಿಸಿ ಹೇಳುವುದೇ ಕಷ್ಟ.

2016ರಲ್ಲಿ ಓಪನ್‌ಎಐ ಸಂಶೋಧಕರು ದೋಣಿ ಓಟದ ಒಂದು ವಿಡಿಯೊ ಗೇಮ್ ಆಡಲು ಯಂತ್ರಕ್ಕೆ ಕಲಿಸಿದರು. ರೇಸ್ ಮುಗಿಸಬೇಕು ಅನ್ನುವುದು ಅವರ ಮನಸ್ಸಿನಲ್ಲಿದ್ದ ಆಸೆ. ಯಂತ್ರಕ್ಕೆ ಹೇಳಿದ್ದು ಅಂಕ ಹೆಚ್ಚಿಸಿಕೋ ಅಂತ. ಅದು ರೇಸ್ ಬಿಟ್ಟು ಒಂದು ಮೂಲೆಯಲ್ಲಿ ಗಿರಗಿರನೆ ಸುತ್ತುತ್ತಾ, ಬೇರೆ ದೋಣಿಗಳಿಗೆ ಗುದ್ದುತ್ತಾ, ಬೆಂಕಿ ಹೊತ್ತಿಕೊಂಡರೂ ಬಿಡದೆ ಅಂಕ ಬರುವ ಗುರಿಗಳನ್ನೇ ಹೊಡೆಯುತ್ತಾ ಇತ್ತು. ಮನುಷ್ಯ ಆಟಗಾರರಿಗಿಂತ ಶೇ 20ರಷ್ಟು ಜಾಸ್ತಿ ಅಂಕವನ್ನೂ ಗಳಿಸಿತು. ಹೇಳಿದ್ದನ್ನು ಮಾಡಿತು, ಬೇಕಾಗಿದ್ದನ್ನು ಮಾಡಲಿಲ್ಲ.

2025ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು, ಅದೂ ಚೆಸ್‌ನದೇ. ಹೊಸ ತಲೆಮಾರಿನ ಚಾಟ್ ಮಾದರಿಗಳಿಗೆ ಸ್ಟಾಕ್‌ಫಿಶ್ ಎಂಬ ಬಲಿಷ್ಠ ಚೆಸ್ ಯಂತ್ರವನ್ನು ಸೋಲಿಸಲು ಹೇಳಿದರು. ನ್ಯಾಯವಾಗಿ ಗೆಲ್ಲುವುದು ಸಾಧ್ಯವಿಲ್ಲದ ಕೆಲಸ. ಕೆಲವು ಸಲ ಮಾದರಿಗಳು ಏನು ಮಾಡಿದವು ಗೊತ್ತೇ? ಕಾಯಿಗಳ ಸ್ಥಾನ ದಾಖಲಾಗಿದ್ದ ಕಂಪ್ಯೂಟರ್ ಫೈಲನ್ನೇ ತಿದ್ದಿ ತಾವು ಗೆಲ್ಲುವ ಸ್ಥಿತಿಗೆ ಬದಲಾಯಿಸಲು ನೋಡಿದವು. ಮೋಸ ಮಾಡು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಮಣೆಯ ಒಳಗೆ ದಾರಿ ಕಾಣದಿದ್ದಾಗ ಮಣೆಯನ್ನೇ ಬದಲಿಸುವ ದಾರಿ ಕಂಡಿತ್ತು.

ಆಟದಲ್ಲಿ ಇದು ತಮಾಷೆ. ಇದೇ ಬುದ್ಧಿ ವಿದ್ಯುತ್ ಜಾಲ, ಬ್ಯಾಂಕು, ಆಯುಧಗಳ ಜವಾಬ್ದಾರಿ ಹೊತ್ತಾಗ? ಅದಕ್ಕೆ ನಮ್ಮ ಮೇಲೆ ದ್ವೇಷ ಇರಬೇಕಾಗಿಲ್ಲ. ಸಿನಿಮಾದ ಹಾಗೆ ಕೆಂಪು ಕಣ್ಣಿನ ರೋಬೋ ಬರಬೇಕಾಗಿಯೂ ಇಲ್ಲ. ತಪ್ಪಾಗಿ ಹೇಳಿದ ಒಂದು ಗುರಿ ಮತ್ತು ಅದನ್ನು ಸಾಧಿಸುವ ಅಪಾರ ಸಾಮರ್ಥ್ಯ ಸೇರಿದರೆ ಸಾಕು. ಯಾಣಕ್ಕೆ ಟ್ರೆಕ್ಕಿಂಗ್ ಹೋದವರು ಅಲ್ಲಿ ಕೇಳಿರುವ ಭಸ್ಮಾಸುರನ ಕತೆ ನೆನಪಿಸಿಕೊಳ್ಳಿ. ಶಿವ ಕೊಟ್ಟ ವರ ಚೆನ್ನಾಗಿಯೇ ಕೆಲಸ ಮಾಡಿತು. ಕೊಡುವಾಗ ಯೋಚನೆ ಮಾಡಿರಲಿಲ್ಲ, ಕೊಟ್ಟ ಮೇಲೆ ಹಿಂದಕ್ಕೆ ತಗೊಳ್ಳಲು ಆಗಲಿಲ್ಲ, ಅಷ್ಟೇ.

ಈ ಆತಂಕ ಇವತ್ತಿನದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲನ್ ಟ್ಯೂರಿಂಗ್ ಜತೆ ಕೆಲಸ ಮಾಡಿದ್ದ ಗಣಿತಜ್ಞ ಐ.ಜೆ. ಗುಡ್ 1965ರಲ್ಲೇ ಇದನ್ನು ಬರೆದಿದ್ದರು. ಮನುಷ್ಯನಿಗಿಂತ ಬುದ್ಧಿವಂತ ಯಂತ್ರ ತನಗಿಂತ ಬುದ್ಧಿವಂತ ಯಂತ್ರವನ್ನು ತಾನೇ ಕಟ್ಟಬಲ್ಲದು, ಹಾಗೆ ಬುದ್ಧಿ ಸರಪಟಾಕಿಯಂತೆ ಸಿಡಿಯುತ್ತಾ ಹೋಗುತ್ತದೆ ಅನ್ನುವುದು ಅವರ ವಾದ. ಅಂಥ ಮೊದಲ ಯಂತ್ರದ ನಂತರ ಮನುಷ್ಯ ಬೇರೇನನ್ನೂ ಆವಿಷ್ಕರಿಸಬೇಕಾಗಿಲ್ಲ ಅಂದರು. ಒಂದು ಷರತ್ತು ಮಾತ್ರ ಇಟ್ಟರು: ತನ್ನನ್ನು ಹತೋಟಿಯಲ್ಲಿ ಇಡುವುದು ಹೇಗೆ ಅಂತ ನಮಗೆ ಹೇಳಿಕೊಡುವಷ್ಟು ಅದು ಸಾಧುವಾಗಿರಬೇಕು.

2023ರ ಮೇ ತಿಂಗಳಲ್ಲಿ ನೂರಾರು ತಜ್ಞರು ಸಹಿ ಹಾಕಿದ ಒಂದೇ ವಾಕ್ಯದ ಹೇಳಿಕೆ ಹೊರಬಂತು. ಎಐನಿಂದ ಮನುಕುಲವೇ ಅಳಿಯುವ ಅಪಾಯವನ್ನು ಸಾಂಕ್ರಾಮಿಕ ರೋಗ, ಅಣುಯುದ್ಧಗಳ ಸಾಲಿನಲ್ಲಿಟ್ಟು ನೋಡಬೇಕು ಅನ್ನುವುದು ಅದರ ಸಾರ. ಸಹಿ ಹಾಕಿದವರಲ್ಲಿ ಹಿಂಟನ್, ಯೋಶುವಾ ಬೆಂಜಿಯೊ ಇದ್ದರು. ಎಐ ಕಂಪನಿಗಳನ್ನೇ ನಡೆಸುವ ಸ್ಯಾಮ್ ಆಲ್ಟ್‌ಮನ್, ಡೆಮಿಸ್ ಹಸಾಬಿಸ್ ಕೂಡ ಇದ್ದರು. ಹಿಂಟನ್, ಬೆಂಜಿಯೊ ಜತೆ 2018ರ ಟ್ಯೂರಿಂಗ್ ಪ್ರಶಸ್ತಿ ಹಂಚಿಕೊಂಡ ಯಾನ್ ಲೆಕುನ್ ಮಾತ್ರ ಈ ಭಯ ಅತಿಯಾಯಿತು ಅನ್ನುವವರು. ಅಂದರೆ ಈ ವಿದ್ಯೆಯನ್ನು ಕಟ್ಟಿದ ಮೂವರಲ್ಲೇ ಒಮ್ಮತ ಇಲ್ಲ. ರೇಡಿಯಾಲಜಿ ವಿಷಯದಲ್ಲಿ ಹಿಂಟನ್ ಲೆಕ್ಕ ತಪ್ಪಿದ್ದನ್ನೂ ನೋಡಿದೆವು.

ಒಳ್ಳೆಯದನ್ನೂ ಹೇಳದಿದ್ದರೆ ನ್ಯಾಯವಾಗದು. ಚೆಸ್ ಆಡುತ್ತಾ ಬೆಳೆದ ಹಸಾಬಿಸ್ ಅವರ ತಂಡವೇ ಆಲ್ಫಾಗೋ ಆದ ಮೇಲೆ ಆಲ್ಫಾಫೋಲ್ಡ್ ಕಟ್ಟಿತು. ನಮ್ಮ ದೇಹದ ಪ್ರೋಟೀನ್‌ಗಳು ಹೇಗೆ ಮಡಚಿಕೊಂಡಿರುತ್ತವೆ ಅಂತ ಪ್ರಯೋಗಾಲಯದಲ್ಲಿ ಕಂಡುಹಿಡಿಯಲು ಒಂದೊಂದಕ್ಕೆ ತಿಂಗಳು, ವರ್ಷ ಹಿಡಿಯುತ್ತಿತ್ತು. ಅದು 20 ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಆಕಾರ ಅಂದಾಜು ಮಾಡಿ ಎಲ್ಲರಿಗೂ ಉಚಿತವಾಗಿ ಸಿಗುವಂತಾಯಿತು. 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಹಸಾಬಿಸ್, ಜಾನ್ ಜಂಪರ್ ಅವರಿಗೆ ಪಾಲು ಸಿಕ್ಕಿದ್ದು ಇದಕ್ಕೇ. ಇಲ್ಲಿ ಯಂತ್ರ ನಮ್ಮನ್ನು ಮೀರಿಸಿದ್ದಕ್ಕೆ ಅಳುವವರು ಯಾರೂ ಇಲ್ಲ. ಗುರಿ ನಮ್ಮದೇ ಆಗಿತ್ತು, ಫಲವನ್ನು ಪರೀಕ್ಷಿಸುವ ವಿಜ್ಞಾನಿಗಳು ಇದ್ದರು, ಲಾಭ ಎಲ್ಲರಿಗೂ ಸಿಕ್ಕಿತು.

ಹಾಗಾದ್ರೆ ನಾವೇನು ಮಾಡೋದು?

ಯಂತ್ರ ಮೀರಿಸುತ್ತಾ ಇಲ್ಲವಾ ಅನ್ನುವ ಚರ್ಚೆಯಲ್ಲಿ ಮೂರು ಬೇರೆ ಪ್ರಶ್ನೆಗಳು ಮರೆತುಹೋಗುತ್ತಿವೆ. ಗುರಿ ಯಾರು ಇಡ್ತಾರೆ? ಅದರ ಕೆಲಸ ಸರಿ ಇದೆಯಾ ಅಂತ ನೋಡಬಲ್ಲವರು ಉಳಿದಿದ್ದಾರಾ? ಬಂದ ಲಾಭ ಯಾರ ಜೇಬಿಗೆ? ಆಲ್ಫಾಫೋಲ್ಡ್‌ನಲ್ಲಿ ಈ ಮೂರಕ್ಕೂ ಒಳ್ಳೆಯ ಉತ್ತರ ಇತ್ತು. ಕೈಬೆರಳೆಣಿಕೆಯ ಕಂಪನಿಗಳು ಮುಚ್ಚಿದ ಬಾಗಿಲ ಹಿಂದೆ ಒಬ್ಬರಿಗಿಂತ ಒಬ್ಬರು ಮುಂದೆ ಅಂತ ಓಡುತ್ತಿರುವಲ್ಲಿ ಉತ್ತರ ಇನ್ನೂ ಸಿಕ್ಕಿಲ್ಲ. ಅದನ್ನು ಕೇಳಬೇಕಾದವರು ಸರ್ಕಾರಗಳು, ಕೇಳಿಸಬೇಕಾದವರು ನಾವು.

ಅಷ್ಟು ದೊಡ್ಡದು ಇರಲಿ, ನಾಳೆ ಬೆಳಗ್ಗೆ ಡೆಸ್ಕ್‌ನಲ್ಲಿ ಕೂತು ಮಾಡಬಹುದಾದದ್ದೂ ಇದೆ. ಎಐಗೆ ಕೇಳುವ ಮುಂಚೆ ಐದು ನಿಮಿಷ ನೀವೇ ಯೋಚಿಸಿ ಒಂದು ಉತ್ತರ ಬರೆದಿಟ್ಟುಕೊಳ್ಳಿ, ಆಮೇಲೆ ಹೋಲಿಸಿ. ಅದು ಕೊಟ್ಟದ್ದನ್ನು ನಿಮ್ಮ ಹೆಸರಲ್ಲಿ ಕಳಿಸುವ ಮುಂಚೆ, ಇದು ತಪ್ಪಾಗಿದ್ದರೆ ನನಗೆ ಗೊತ್ತಾಗುತ್ತಿತ್ತಾ ಅಂತ ಒಮ್ಮೆ ಕೇಳಿಕೊಳ್ಳಿ. ಇಲ್ಲ ಅಂತ ಉತ್ತರ ಬಂದರೆ ನೀವು ಕಲಿಯಬೇಕಾದದ್ದು ಅದೇ. ಟೀಮಿಗೆ ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ಸುಲಭದ ಕೆಲಸಗಳನ್ನು ಕೊಡುವುದನ್ನು ನಿಲ್ಲಿಸಬೇಡಿ. ಎಐ ಅದನ್ನು ಬೇಗ ಮಾಡುತ್ತೆ, ನಿಜ. ಆದರೆ ಸುಲಭದ್ದು ಮಾಡದವರು ನಾಳೆ ಕಷ್ಟದ್ದನ್ನು ಪರೀಕ್ಷಿಸುವುದು ಹೇಗೆ?

ಮನೆಯಲ್ಲಿ ಚೆಸ್ ಕಲಿಯುವ ಮಗು ಇದ್ದರೆ ಅದರ ಜತೆ ಒಂದು ಆಟ ಆಡಿ, ಫೋನ್ ಪಕ್ಕಕ್ಕಿಟ್ಟು. ಆಟ ಮುಗಿದ ಮೇಲೆ ಎಲ್ಲಿ ತಪ್ಪಿದೆ ಅಂತ ಮೊದಲು ಮಗುವನ್ನೇ ಕೇಳಿ. ಅದು ಹೇಳಿದ ನಂತರ ಆ್ಯಪ್ ಏನು ಹೇಳುತ್ತೆ ಅಂತ ಇಬ್ಬರೂ ಸೇರಿ ನೋಡಿ.